ಬ್ರೂಸ್ ಫೂಟ್ ಮತ್ತು ಗೋಕಾಕದ ಖಡ್ಗಮೃಗ

ವಿಜಯಪುರ ಜಿಲ್ಲೆಯ ಇಂಡಿಯಿಂದ ಹೊರಟು ಸಿಂದಗಿ, ಬಸವನ ಬಾಗೇವಾಡಿಗಳನ್ನು ಹಾಯ್ದು ಮುದ್ದೇಬಿಹಾಳವನ್ನು ಮುಟ್ಟುವವನ ಕಣ್ಣಿಗೆ ಬೀಳುವುದು ಬಯಲೇ ಬಯಲು. ಎರೆಭೂಮಿ ಕಡಲಿನಂತೆ ಹಬ್ಬಿಕೊಂಡಿದೆ. ಹಿಂಗಾರಿಯ ಬಿಳಿಜೋಳ ತೆನೆ ತುಂಬಿ ನಿಂತಾಗ ಆ ನೆಲದ ಚೆಲುವೇ ಬೇರೆ. ಸುಗ್ಗಿ ಮುಗಿದು ಬೇಸಿಗೆ ಕಾಲಿಟ್ಟಿತೆಂದರೆ ಅದೇ ನೆಲ ಬಿರುಕು ಬಿಟ್ಟು ಬಾಯ್ದೆರೆಯುತ್ತದೆ. ಹಳ್ಳದ ದಂಡೆಯ ಜಾಲಿ, ಊರ ಮುಂದಿನ ಬೇವು ಇವನ್ನು ಬಿಟ್ಟರೆ ಮರದ ನೆರಳು ಅಪರೂಪ. ಈ ಸೀಮೆಯ ನೆರೆಯಲ್ಲಿಯೇ, ಪಶ್ಚಿಮದ ಘಟಪ್ರಭಾ ನದಿಯ ಬಯಲಿನಲ್ಲಿ, ಒಂದಾನೊಂದು ಕಾಲಕ್ಕೆ ಖಡ್ಗಮೃಗ ಮೇಯುತ್ತಿತ್ತೆಂದರೆ ಕೇಳಿದವರು ನಂಬುವುದು ಕಷ್ಟ. ಆದರೆ ಅದು ಕಟ್ಟುಕಥೆಯಲ್ಲ. ಆ ಪ್ರಾಣಿಯ ಹಲ್ಲುಗಳನ್ನು ಮಣ್ಣಿನಿಂದ ಬಿಡಿಸಿ, ಅವು ಯಾವ ಜೀವಿಯವೆಂದು ಅರಿತು, ಅದಕ್ಕೊಂದು ಹೆಸರಿಟ್ಟು ಲೋಕದ ಮುಂದಿರಿಸಿದವರು ರಾಬರ್ಟ್ ಬ್ರೂಸ್ ಫೂಟ್. ಭಾರತದ ಪ್ರಾಗಿತಿಹಾಸದ ಪಿತಾಮಹರೆಂದು ವಿದ್ವಾಂಸರು ಇವರನ್ನು ಗೌರವಿಸುತ್ತಾರೆ.

ಫೂಟರು ಹುಟ್ಟಿದ್ದು ೧೮೩೪ನೆಯ ಇಸವಿ ಸೆಪ್ಟೆಂಬರ್ ೨೨ರಂದು, ಇಂಗ್ಲೆಂಡಿನ ಚೆಲ್ಟನ್‌ಹ್ಯಾಮ್ ಪಟ್ಟಣದಲ್ಲಿ. ೧೮೫೮ರಲ್ಲಿ, ಇಪ್ಪತ್ತನಾಲ್ಕರ ಹರೆಯದಲ್ಲಿ, ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆಗೆ ಸೇರಿದರು. ಕಲ್ಕತ್ತೆಯಲ್ಲಿ ನೆಲೆಗೊಂಡಿದ್ದ ಆ ಸಂಸ್ಥೆ ಆಗಿನ್ನೂ ಎಳೆಯದು. ನೆಲದೊಳಗೆ ಕಲ್ಲಿದ್ದಲು ಎಲ್ಲಿದೆ, ಕಬ್ಬಿಣದ ಅದಿರು ಎಲ್ಲಿದೆ, ಚಿನ್ನ ಎಲ್ಲಿದೆ ಎಂದು ತಿಳಿಯುವುದು ಸರ್ಕಾರದ ಆಸಕ್ತಿ. ಫೂಟರನ್ನು ಮದರಾಸು ಪ್ರಾಂತಕ್ಕೆ ಕಳುಹಿಸಲಾಯಿತು. ಭೂವಿಜ್ಞಾನಿಯ ಆಗಿನ ಬದುಕು ಕಚೇರಿಯದಲ್ಲ. ಒಂದು ಕುದುರೆ, ಒಂದು ಡೇರೆ, ಕೈಯಲ್ಲಿ ಸುತ್ತಿಗೆ. ಮಳೆ ನಿಂತ ಮೇಲೆ ಹೊರಟರೆ ಬಿಸಿಲು ಬಲಿಯುವವರೆಗೆ ಊರೂರು ಅಲೆದಾಟ. ಬಂಡೆಗಳ ಜಾತಿಯನ್ನು ಗುರುತಿಸಿ ನಕ್ಷೆಯಲ್ಲಿ ಬಣ್ಣ ತುಂಬುವ ಕೆಲಸ. ಈ ಅಲೆದಾಟವನ್ನು ಅವರು ಮೂವತ್ತಮೂರು ವರ್ಷ ನಡೆಸಿದರು. ಅವರ ಡೇರೆಗಳನ್ನು ಹೊತ್ತವರ, ಗುಂಡಿ ತೋಡಿದವರ, ದಾರಿ ತೋರಿಸಿದವರ ಹೆಸರುಗಳು ಚರಿತ್ರೆಯಲ್ಲಿ ಉಳಿದಿಲ್ಲ. ಅವರಿಲ್ಲದೆ ಈ ಕೆಲಸ ಸಾಗುತ್ತಿರಲಿಲ್ಲವೆಂಬುದನ್ನು ಮಾತ್ರ ಮರೆಯಲಾಗದು.

ಫೂಟರು ಭಾರತಕ್ಕೆ ಬಂದ ಮರುವರ್ಷವೇ, ಎಂದರೆ ೧೮೫೯ರಲ್ಲಿ, ಯುರೋಪಿನ ವಿದ್ವತ್‌ಪ್ರಪಂಚದಲ್ಲಿ ದೊಡ್ಡದೊಂದು ಕೋಲಾಹಲವಾಯಿತು. ಫ್ರಾನ್ಸಿನ ಸಾಮ್ ನದಿಯ ಕಣಿವೆಯಲ್ಲಿ ಅಳಿದುಹೋದ ಆನೆ, ಖಡ್ಗಮೃಗಗಳ ಎಲುಬುಗಳಿದ್ದ ಮಣ್ಣಿನ ಪದರದಲ್ಲಿಯೇ ಮನುಷ್ಯ ಕೆತ್ತಿದ ಕಲ್ಲಿನ ಆಯುಧಗಳು ಸಿಕ್ಕಿವೆ ಎಂದು ಪ್ರೆಸ್ಟ್‌ವಿಚ್ ಮೊದಲಾದ ಇಂಗ್ಲಿಷ್ ವಿದ್ವಾಂಸರು ಒಪ್ಪಿ ಸಾರಿದರು. ಮನುಷ್ಯನ ಇತಿಹಾಸ ಕೆಲವೇ ಸಾವಿರ ವರ್ಷಗಳದೆಂಬ ಹಳೆಯ ನಂಬಿಕೆ ಅಲ್ಲಿಗೆ ಅಲುಗಾಡಿತು. ಕಲ್ಲಿನ ಪಕ್ಕದಲ್ಲಿ ಎಲುಬು ಇದ್ದುದರಿಂದಲೇ ಆ ವಾದಕ್ಕೆ ಬಲ ಬಂದದ್ದು. ಕಲ್ಲು ತನ್ನ ವಯಸ್ಸನ್ನು ತಾನೇ ಹೇಳದು. ಅಳಿದುಹೋದ ಪ್ರಾಣಿಯೊಂದು ಅದರ ಜೊತೆಗಿದ್ದರೆ, ಆ ಪ್ರಾಣಿ ಬದುಕಿದ್ದ ಕಾಲದಲ್ಲಿ ಮನುಷ್ಯನೂ ಇದ್ದನೆಂದು ಹೇಳಲು ಬರುತ್ತದೆ.

ಈ ಸುದ್ದಿಯನ್ನು ಮನಸ್ಸಿನಲ್ಲಿಟ್ಟುಕೊಂಡೇ ಫೂಟರು ಮದರಾಸಿನ ಸುತ್ತ ತಿರುಗುತ್ತಿದ್ದರು. ೧೮೬೩ನೆಯ ಇಸವಿ ಮೇ ೩೦ರಂದು ಮದರಾಸಿಗೆ ಹತ್ತಿರದ ಪಲ್ಲಾವರದಲ್ಲಿ, ಜಂಬಿಟ್ಟಿಗೆಯ ಗರಸು ಅಗೆದಿದ್ದ ಗುಂಡಿಯೊಂದರಲ್ಲಿ, ಅವರ ಕಣ್ಣು ಒಂದು ಕಲ್ಲಿನ ಮೇಲೆ ನಿಂತಿತು. ಬೆಣಚುಕಲ್ಲಿನ ಆ ತುಂಡು ನೀರಿಗೆ ಉರುಳಿ ನುಣುಪಾದದ್ದಲ್ಲ. ಮನುಷ್ಯನ ಕೈ ಚಕ್ಕೆ ಎಬ್ಬಿಸಿ ರೂಪಿಸಿದ ಕೈಗೊಡಲಿ. ಭಾರತದಲ್ಲಿ ಹಳೆಯ ಶಿಲಾಯುಗದ ಆಯುಧವನ್ನು ಹೀಗೆ ಗುರುತಿಸಿದ್ದು ಅದೇ ಮೊದಲು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಸಹೋದ್ಯೋಗಿ ವಿಲಿಯಂ ಕಿಂಗ್ ಅವರೊಡನೆ ಅತ್ತಿರಂಪಾಕ್ಕಂ ಎಂಬ ಹಳ್ಳಿಗೆ ಹೋದಾಗ ಅಲ್ಲಿ ಅಂಥ ಆಯುಧಗಳು ರಾಶಿಯಾಗಿ ದೊರೆತವು. ಸರ್ಕಾರ ಸಂಬಳ ಕೊಟ್ಟದ್ದು ಇದಕ್ಕಲ್ಲ. ಅದೃಷ್ಟವಶಾತ್ ಮೇಲಧಿಕಾರಿಗಳು ಅಡ್ಡಿ ಮಾಡಲಿಲ್ಲ.

ಆದರೆ ಫೂಟರ ಮನಸ್ಸಿನಲ್ಲಿ ಒಂದು ಕೊರತೆ ಉಳಿಯಿತು. ಸಾಮ್ ಕಣಿವೆಯಲ್ಲಿ ಇದ್ದದ್ದು ಇಲ್ಲಿ ಇರಲಿಲ್ಲ. ಆಯುಧಗಳೇನೋ ನೂರಾರು, ಅವುಗಳ ಪಕ್ಕದಲ್ಲಿ ಒಂದು ಎಲುಬಿಲ್ಲ, ಒಂದು ಹಲ್ಲಿಲ್ಲ. ಜಂಬಿಟ್ಟಿಗೆಯ ಹುಳಿಗುಣದ ಮಣ್ಣಿನಲ್ಲಿ ಎಲುಬು ಕರಗಿಹೋಗುತ್ತದೆ. ಹಾಗಾಗಿ ಈ ಆಯುಧಗಳನ್ನು ಕೆತ್ತಿದ ಮನುಷ್ಯ ಯಾವ ಪ್ರಾಣಿಗಳ ನಡುವೆ ಬದುಕಿದ್ದ, ಎಷ್ಟು ಹಿಂದೆ ಬದುಕಿದ್ದ ಎಂಬ ಪ್ರಶ್ನೆಗೆ ಉತ್ತರ ದೊರೆಯಲಿಲ್ಲ. ಮುಂದಿನ ಅವರ ಬದುಕೆಲ್ಲ ಈ ಒಂದು ಜೋಡಣೆಯ ಹುಡುಕಾಟವೆಂದರೂ ಸಲ್ಲುತ್ತದೆ.

ಮದರಾಸಿನ ತರುವಾಯ ಫೂಟರ ಪಾಲಿಗೆ ಬಂದದ್ದು ದಕ್ಷಿಣ ಮರಾಠಾ ಸೀಮೆ. ಹೆಸರು ಮರಾಠಾ ಆದರೂ ಅದು ಕನ್ನಡದ ನೆಲ: ಬೆಳಗಾವಿ, ಧಾರವಾಡ, ಕಲಾದಗಿ ಜಿಲ್ಲೆಗಳು. ಆಗ ವಿಜಯಪುರವು ಜಿಲ್ಲೆಯ ಮುಖ್ಯಸ್ಥಳವಾಗಿರಲಿಲ್ಲ. ಇಂಡಿ, ಸಿಂದಗಿ, ಬಾಗೇವಾಡಿ, ಮುದ್ದೇಬಿಹಾಳಗಳೆಲ್ಲ ಕಲಾದಗಿ ಜಿಲ್ಲೆಗೆ ಸೇರಿದ್ದವು. ೧೮೮೫ರಲ್ಲಷ್ಟೇ ಮುಖ್ಯಸ್ಥಳ ವಿಜಯಪುರಕ್ಕೆ ಬಂದಿತು. ಈ ಸೀಮೆಯ ಬಂಡೆಗಳನ್ನು ಕುರಿತು ಫೂಟರು ಬರೆದ ಹೊತ್ತಗೆ ೧೮೭೬ರಲ್ಲಿ ಪ್ರಕಟವಾಯಿತು. ಇಂದಿಗೂ ಈ ಭಾಗದ ಭೂವಿಜ್ಞಾನವನ್ನು ಓದುವವರು ಅಲ್ಲಿಂದಲೇ ಆರಂಭಿಸಬೇಕು.

ಹಲ್ಲು, ಎಲುಬುಗಳನ್ನು ಹುಡುಕುವವನಿಗೆ ಈ ತಾಲ್ಲೂಕುಗಳು ಸುಲಭವಾಗಿ ಒಲಿಯುವಂಥವಲ್ಲ. ಇಂಡಿ, ಸಿಂದಗಿ, ಬಾಗೇವಾಡಿಗಳ ಎರೆಮಣ್ಣಿನ ಕೆಳಗೆ ಇರುವುದು ಕರಿಯ ಬಸಾಲ್ಟ್ ಕಲ್ಲು. ಸುಮಾರು ಆರೂವರೆ ಕೋಟಿ ವರ್ಷಗಳ ಹಿಂದೆ ಭೂಮಿಯ ಬಿರುಕುಗಳಿಂದ ಉಕ್ಕಿ ಹರಿದ ಬೆಂಕಿರಸ ಆರಿ ಆದ ಕಲ್ಲು ಅದು. ಬೆಂಕಿಯ ಹೊಳೆಯಲ್ಲಿ ಎಲುಬು ಉಳಿದೀತೆ? ಮುದ್ದೇಬಿಹಾಳದ ಕಡೆಗೆ, ತಾಳಿಕೋಟೆಯ ಸುತ್ತ, ಬಸಾಲ್ಟಿನ ಅಂಚು ಮುಗಿದು ಸುಣ್ಣಕಲ್ಲಿನ ಹಾಸುಗಳು ತೋರುತ್ತವೆ. ಮನೆಯ ನೆಲಕ್ಕೆ ಹಾಸುವ ಪರಸಿ ಕಲ್ಲು ಇದೇ. ಭೀಮಾ ನದಿಯ ಹೆಸರಿನಿಂದ ಕರೆಯಲ್ಪಡುವ ಈ ಶಿಲಾಶ್ರೇಣಿಯನ್ನು ಫೂಟರು ಕುತೂಹಲದಿಂದ ನೋಡಿದರು. ಆದರೆ ಅದು ಲೋಕದಲ್ಲಿ ಎಲುಬುಳ್ಳ ಪ್ರಾಣಿಗಳು ಹುಟ್ಟುವುದಕ್ಕೂ ಮುಂಚಿನದು. ಅದರಲ್ಲಿ ಹಲ್ಲು ಸಿಕ್ಕುವ ಮಾತೇ ಇಲ್ಲ. ಒಂದು ಕಲ್ಲು ತೀರ ಹಳೆಯದು, ಇನ್ನೊಂದು ಬೆಂಕಿಯಿಂದ ಬಂದದ್ದು. ಉಳಿದ ಆಸೆ ಹೊಳೆಹಳ್ಳಗಳ ದಂಡೆಯ ಮಣ್ಣಿನ ಮೇಲೆ ಮಾತ್ರ.

ಆ ಆಸೆ ಫಲಿಸಿದ್ದು ಗೋಕಾಕದ ಬಳಿ. ಚಿಕ್‌ದೌಲಿ ಎಂದು ಫೂಟರು ಬರೆದಿರುವ ಹಳ್ಳಿಯ ಹತ್ತಿರ, ಜೇಡಿಮಣ್ಣಿನ ಪದರದಲ್ಲಿ ಭಾರಿ ಪ್ರಾಣಿಯೊಂದರ ಎಲುಬುಗಳು, ಹಲ್ಲಿರುವ ದವಡೆಯ ತುಂಡುಗಳು ದೊರೆತವು. ಮಣ್ಣಿನೊಳಗೆ ಬಹುಕಾಲ ಇದ್ದ ಎಲುಬು ಗಾಳಿ ಬಿಸಿಲು ತಾಗಿದೊಡನೆ ಬಿರಿದು ಪುಡಿಯಾಗುವುದುಂಟು. ಬಿಡಿಸುವವನಿಗೆ ಅಕ್ಕಸಾಲಿಗನ ತಾಳ್ಮೆ ಬೇಕು.

ಎಲುಬುಗಳಿಗಿಂತ ಹಲ್ಲು ಹೆಚ್ಚು ಬೆಲೆಯುಳ್ಳದ್ದೇಕೆಂಬುದನ್ನು ಇಲ್ಲಿ ತಿಳಿಯಬೇಕು. ಪ್ರಾಣಿದೇಹದಲ್ಲಿ ಹಲ್ಲಿನ ಹೊರಕವಚದಷ್ಟು ಗಟ್ಟಿಯಾದದ್ದು ಬೇರೊಂದಿಲ್ಲ. ದೇಹವೆಲ್ಲ ಮಣ್ಣಾದರೂ ಹಲ್ಲು ಉಳಿಯುತ್ತದೆ. ಅಷ್ಟೇ ಅಲ್ಲ, ಗೊರಸುಳ್ಳ ಒಂದೊಂದು ಪ್ರಾಣಿಯ ಅರೆಯುವ ಹಲ್ಲಿಗೂ ಅದರದೇ ಆದ ಚಿತ್ತಾರವುಂಟು. ಎತ್ತಿನ ಹಲ್ಲಿನ ಮೇಲ್ಮೈಯಲ್ಲಿ ಬಿದಿಗೆಯ ಚಂದ್ರನಂಥ ಕಮಾನುಗಳು ಕಾಣುತ್ತವೆ. ಖಡ್ಗಮೃಗದ ಮೇಲ್ದವಡೆಯ ಹಲ್ಲಿನಲ್ಲಿ ಹೊರಬದಿಗೆ ಉದ್ದನೆಯ ಒಂದು ಏಣು. ಅದರಿಂದ ಒಳಮುಖವಾಗಿ ಚಾಚಿದ ಎರಡು ಅಡ್ಡ ಏಣುಗಳು. ಅವೆರಡರ ನಡುವೆ ಆಳವಾದ ಕಣಿವೆ. ಕಣಿವೆಯೊಳಕ್ಕೆ ಬಾಗಿದ ಸಣ್ಣ ಸಣ್ಣ ಮಡಿಕೆಗಳು ಒಂದು ಜಾತಿಯಲ್ಲಿ ಇದ್ದಂತೆ ಇನ್ನೊಂದರಲ್ಲಿ ಇರುವುದಿಲ್ಲ. ಹಲ್ಲು ಗಿಡ್ಡವಾಗಿದ್ದರೆ ಪ್ರಾಣಿ ಎಳೆಯ ಸೊಪ್ಪನ್ನು ಮೇಯುವುದೆಂದೂ, ಎತ್ತರವಾಗಿದ್ದರೆ ಒರಟು ಹುಲ್ಲನ್ನು ಮೇಯುವುದೆಂದೂ ಊಹಿಸಬಹುದು. ಬಲ್ಲವನಿಗೆ ಹಲ್ಲೊಂದು ಶಾಸನ.

ಶಾಸನವನ್ನು ತಪ್ಪಾಗಿ ಓದುವ ಭಯವೂ ಇಲ್ಲದಿಲ್ಲ. ಫೂಟರು ಹುಟ್ಟುವ ಹಿಂದಿನ ವರ್ಷ, ೧೮೩೩ರಲ್ಲಿ, ಚಾರ್ಲ್ಸ್ ಡಾರ್ವಿನ್ ದಕ್ಷಿಣ ಅಮೆರಿಕದ ಉರುಗ್ವೆ ಪ್ರದೇಶದಲ್ಲಿ ಭಾರಿ ತಲೆಬುರುಡೆಯೊಂದನ್ನು ಕೊಂಡಿದ್ದರು. ಹಳ್ಳಿಯ ಹುಡುಗರು ಕಲ್ಲೆಸೆದು ಗುರಿ ಕಲಿಯಲು ಅದನ್ನು ಬಳಸಿ ಹಲ್ಲುಗಳನ್ನು ಉದುರಿಸಿಬಿಟ್ಟಿದ್ದರು. ಅಲ್ಲಿಂದ ಸುಮಾರು ೧೮೦ ಮೈಲಿ ದೂರದ ಹೊಳೆಯ ದಂಡೆಯಲ್ಲಿ ಡಾರ್ವಿನ್ನರಿಗೆ ಸಿಕ್ಕಿದ್ದ ಒಂದು ಹಲ್ಲು ಆ ಬುರುಡೆಯ ಬರಿದಾದ ಕುಳಿಯೊಂದಕ್ಕೆ ಸರಿಯಾಗಿ ಕೂತಿತು! ಬಿಲ್ಲಿನಂತೆ ಬಾಗಿದ ಆ ಹಲ್ಲುಗಳನ್ನು ನೋಡಿ ರಿಚರ್ಡ್ ಓವೆನ್ ಅದಕ್ಕೆ ಟಾಕ್ಸೊಡಾನ್ ಎಂದು ಹೆಸರಿಟ್ಟರು. ಇಲಿ ಅಳಿಲುಗಳಂಥ ಬಾಚಿಹಲ್ಲಿನ ಪ್ರಾಣಿಗಳಿಗೂ ಅದಕ್ಕೂ ನಂಟುಂಟೆಂದು ಭಾವಿಸಿದರು. ಅದರ ನಿಜವಾದ ಬಳಗ ಯಾವುದೆಂಬ ಚರ್ಚೆ ನೂರೆಪ್ಪತ್ತು ವರ್ಷಗಳಿಗೂ ಹೆಚ್ಚು ಕಾಲ ನಡೆಯಿತು. ೨೦೧೫ರಲ್ಲಿ ಎಲುಬಿನೊಳಗೆ ಉಳಿದಿದ್ದ ಪ್ರೋಟೀನನ್ನು ಪರೀಕ್ಷಿಸಿದಾಗ ಆ ಪ್ರಾಣಿ ಕುದುರೆ, ಖಡ್ಗಮೃಗಗಳ ಬಳಗಕ್ಕೆ ಹತ್ತಿರದ್ದೆಂದು ತಿಳಿದುಬಂದಿತು. ಒಂದೇ ಬಗೆಯ ಮೇವು ಬೇರೆ ಬೇರೆ ಕುಲದ ಪ್ರಾಣಿಗಳಿಗೆ ಹೋಲುವ ಹಲ್ಲುಗಳನ್ನು ಕೊಡಬಲ್ಲುದು. ಓವೆನ್ನರಂಥ ಪಂಡಿತರೇ ಇಲ್ಲಿ ದಾರಿ ತಪ್ಪಿದರೆಂದರೆ, ಡೇರೆಯಲ್ಲಿ ಕಾಲ ಕಳೆವ ಬಂಡೆಗಳ ಪರೀಕ್ಷಕನೊಬ್ಬ ಹಲ್ಲಿಗೆ ಹೊಸ ಹೆಸರಿಡಲು ಹೊರಟದ್ದು ಸಣ್ಣ ಸಾಹಸವಲ್ಲ.

ಗೋಕಾಕದ ಹಲ್ಲು ಖಡ್ಗಮೃಗದ್ದೆಂಬ ವಿಷಯದಲ್ಲಿ ಫೂಟರಿಗೆ ಸಂದೇಹವಿರಲಿಲ್ಲ. ಯಾವ ಖಡ್ಗಮೃಗ ಎಂಬುದೇ ಪ್ರಶ್ನೆ. ಇಂದು ಒಂಟಿಕೊಂಬಿನ ದೊಡ್ಡ ಖಡ್ಗಮೃಗ ಮುಖ್ಯವಾಗಿ ಅಸ್ಸಾಂ, ಉತ್ತರ ಬಂಗಾಳ, ನೇಪಾಳದ ತಪ್ಪಲುಗಳಲ್ಲಿದೆ. ಜಾವಾ, ಸುಮಾತ್ರಾಗಳಲ್ಲಿ ಬೇರೆ ಜಾತಿಗಳು, ಆಫ್ರಿಕದಲ್ಲಿ ಮತ್ತೆರಡು. ಇವುಗಳ ಹಲ್ಲಿಗೂ, ಹಿಮಾಲಯದ ಬುಡದ ಶಿವಾಲಿಕ ಬೆಟ್ಟಗಳಲ್ಲಿ ದೊರೆತಿದ್ದ ಪಳೆಯುಳಿಕೆಗಳಿಗೂ ಗೋಕಾಕದ ಹಲ್ಲು ಹೊಂದಲಿಲ್ಲವೆಂದು ಕಂಡ ಫೂಟರು ಅದು ಅಳಿದುಹೋದ ಹೊಸದೊಂದು ಜಾತಿಯೆಂದು ತೀರ್ಮಾನಿಸಿ, ದಖ್ಖನದ ಖಡ್ಗಮೃಗ ಎಂಬ ಅರ್ಥದ ರೈನಾಸರಸ್ ಡೆಕ್ಕನೆನ್ಸಿಸ್ ಎಂಬ ಹೆಸರು ಕೊಟ್ಟರು. ಆ ಪ್ರಬಂಧ ೧೮೭೪ರಲ್ಲಿ ಸರ್ವೇಕ್ಷಣ ಸಂಸ್ಥೆಯ ಪೇಲಿಯಂಟಾಲಜಿಯ ಇಂಡಿಕಾ ಎಂಬ ಗ್ರಂಥಮಾಲೆಯಲ್ಲಿ ಬೆಳಕು ಕಂಡಿತು. ಅದೇ ಮಾಲೆಯನ್ನು ಮುಂದುವರಿಸಿದ ರಿಚರ್ಡ್ ಲಿಡೆಕ್ಕರ್ ಮೊದಲಾದ ಪ್ರಾಣಿಶಾಸ್ತ್ರಜ್ಞರು ಈ ಜಾತಿಯ ನಂಟಸ್ತಿಕೆಯನ್ನು ಮತ್ತೆ ಮತ್ತೆ ತೂಗಿ ನೋಡಿದರು. ಶಾಸ್ತ್ರದಲ್ಲಿ ಹೆಸರಿಟ್ಟವನ ಮಾತೇ ಕೊನೆಯ ಮಾತಲ್ಲ.

ಹೆಸರಿಗಿಂತ ದೊಡ್ಡದು ಆ ಹಲ್ಲು ತಂದ ಸುದ್ದಿ. ಖಡ್ಗಮೃಗಕ್ಕೆ ನಿತ್ಯವೂ ನೀರು ಬೇಕು, ಮೈ ತಣಿಸಲು ಕೆಸರು ಬೇಕು, ವರ್ಷವಿಡೀ ಹಸಿರು ಬೇಕು. ಅಂಥ ಪ್ರಾಣಿ ಘಟಪ್ರಭೆಯ ದಂಡೆಯಲ್ಲಿ ಬಾಳಿತ್ತೆಂದರೆ ಈ ಬಯಲುಸೀಮೆ ಎಂದೆಂದೂ ಹೀಗೆಯೇ ಇರಲಿಲ್ಲವೆಂದಾಯಿತು. ಒಂದು ಕಾಲಕ್ಕೆ ಇಲ್ಲಿ ಇಂದಿಗಿಂತ ತೇವ ಹೆಚ್ಚಾಗಿತ್ತು. ಹೊಳೆಯ ಬದಿಯಲ್ಲಿ ಜೌಗು, ಜೊಂಡು, ಪೊದೆಗಳು ದಟ್ಟವಾಗಿದ್ದವು. ವಿಧಿಯ ವಿಡಂಬನೆಯೆಂದರೆ, ಫೂಟರ ಹೊತ್ತಗೆ ಹೊರಬಂದ ೧೮೭೬ರಲ್ಲಿಯೇ ಈ ನಾಡಿಗೆ ಮಳೆ ಕೈಕೊಟ್ಟಿತು. ಎರಡು ವರ್ಷ ಬಡಿದ ಆ ಭೀಕರ ಬರದಲ್ಲಿ ಕಲಾದಗಿ ಜಿಲ್ಲೆಯ ಹಳ್ಳಿಗಳು ಬರಿದಾದವು. ಜನ, ದನ ಲೆಕ್ಕವಿಲ್ಲದೆ ಸತ್ತರು. ಡೋಣಿ ನದಿಯ ದಂಡೆಯ ಫಲವತ್ತಾದ ಎರೆಯೂ ಹನಿ ಬೀಳದಿದ್ದರೆ ಏನು ಮಾಡೀತು?

ಫೂಟರ ಹುಡುಕಾಟಕ್ಕೆ ಹಿಂದಿರುಗಿದರೆ, ಗೋಕಾಕದಲ್ಲಿ ಅವರಿಗೆ ದೊರೆತದ್ದು ಅರ್ಧ ಉತ್ತರ. ಎಲುಬಿನ ಜೊತೆ ಅಲ್ಲಿ ಕೈಗೊಡಲಿ ಇರಲಿಲ್ಲ. ಅತ್ತ ಬಾದಾಮಿ ತಾಲ್ಲೂಕಿನ ಖ್ಯಾಡದ ಬಳಿ ಮಲಪ್ರಭೆಯ ದಂಡೆಯಲ್ಲಿ ಅವರು ಶಿಲಾಯುಗದ ಆಯುಧಗಳನ್ನು ಕಂಡರು. ಅವುಗಳ ಜೊತೆ ಎಲುಬಿಲ್ಲ. ಎರಡು ನದಿಗಳಲ್ಲಿ ಎರಡು ತುಂಡುಗಳು. ಉತ್ತರದ ನರ್ಮದಾ ಕಣಿವೆಯಲ್ಲಿ ಸಹೋದ್ಯೋಗಿ ಹ್ಯಾಕೆಟ್ಟರಿಗೆ ಎಲುಬಿನ ಪದರದಲ್ಲಿಯೇ ಒಂದು ಕೈಗೊಡಲಿ ಸಿಕ್ಕಿತು. ದಕ್ಷಿಣದಲ್ಲಿ ಆ ಭಾಗ್ಯ ಬರಲಿಲ್ಲ. ೧೮೮೪ರಲ್ಲಿ ಕರ್ನೂಲು ಸೀಮೆಯ ಬೇತಂಚೆರ್ಲದ ಬಳಿಯ ಬಿಲ್ಲಸುರ್ಗಂ ಗುಹೆಗಳನ್ನು ಅಗೆಯುವ ಕೆಲಸ ಫೂಟರಿಗೆ ವಹಿಸಲ್ಪಟ್ಟಿತು. ಸೈನ್ಯಾಧಿಕಾರಿಯಾಗಿದ್ದ ಮಗ ಹೆನ್ರಿ ಅವರಿಗೆ ನೆರವಾದರು. ಗುಹೆಯ ಮಣ್ಣಿನಿಂದ ಎಲುಬು, ಹಲ್ಲುಗಳು ಬುಟ್ಟಿಗಟ್ಟಲೆ ಬಂದವು. ಅವನ್ನು ಪರೀಕ್ಷಿಸಿದ ಲಿಡೆಕ್ಕರ್ ಅಳಿದುಹೋದ ಇನ್ನೊಂದು ಖಡ್ಗಮೃಗವನ್ನು ಗುರುತಿಸಿ ಕರ್ನೂಲಿನ ಹೆಸರನ್ನು ಅದಕ್ಕಿಟ್ಟರು. ಎಲುಬಿನಿಂದ ಮಾಡಿದ ಉಪಕರಣಗಳೂ ಇದ್ದವು. ಆದರೆ ಪಲ್ಲಾವರದ ಕೈಗೊಡಲಿಯ ಅಣ್ಣತಮ್ಮಂದಿರು ಅಲ್ಲಿಯೂ ಕಾಣಲಿಲ್ಲ.

ಫೂಟರ ಮಿಕ್ಕ ಸಾಧನೆಗಳೂ ಕಡಿಮೆಯವಲ್ಲ. ಕರ್ನಾಟಕದ ಚಿನ್ನದ ಗಣಿಗಳಿಗೆ ಆಧಾರವಾದ ಪುರಾತನ ಶಿಲಾಸಮೂಹಕ್ಕೆ ಧಾರವಾಡದ ಹೆಸರನ್ನು ಕೊಟ್ಟವರು ಅವರೇ. ಇಂದಿಗೂ ಲೋಕವೆಲ್ಲ ಅದೇ ಹೆಸರಿನಿಂದ ಅದನ್ನು ಬಲ್ಲದು. ಬಳ್ಳಾರಿಯ ಸುತ್ತಣ ಬೂದಿದಿಬ್ಬಗಳು ಅಗ್ನಿಪರ್ವತದ ಬೂದಿಯಲ್ಲ, ನವಶಿಲಾಯುಗದ ದನಗಾರರ ಸಗಣಿ ಸುಟ್ಟ ಬೂದಿಯೆಂದು ಕಂಡರು. ೧೮೯೧ರಲ್ಲಿ ನಿವೃತ್ತರಾದ ಮೇಲೆ ಬರೋಡ ಸಂಸ್ಥಾನದಲ್ಲಿ ದುಡಿದು, ೧೮೯೪ರಲ್ಲಿ ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆ ಆರಂಭವಾದಾಗ ಅದರ ಮೊದಲ ಮುಖ್ಯಸ್ಥರಾದರು. ಅವರ ಎಲ್ಲ ತೀರ್ಮಾನಗಳೂ ನಿಲ್ಲಲಿಲ್ಲ. ಹಳೆಯ ಶಿಲಾಯುಗಕ್ಕೂ ನವಶಿಲಾಯುಗಕ್ಕೂ ನಡುವೆ ಮನುಷ್ಯರಿಲ್ಲದ ದೀರ್ಘವಾದ ಬಿಡುವಿತ್ತೆಂದು ಅವರು ನಂಬಿದ್ದರು. ಆ ನಡುಗಾಲದ ಜನರ ಕುರುಹುಗಳು ಆಮೇಲೆ ದೇಶದ ಎಲ್ಲೆಡೆ ದೊರೆತಿವೆ.

ಕೊನೆಯ ವರ್ಷಗಳನ್ನು ಫೂಟರು ಸೇಲಂ ಬಳಿಯ ಏರ್ಕಾಡು ಬೆಟ್ಟದಲ್ಲಿ ಕಳೆದರು. ನಲವತ್ತು ವರ್ಷ ಕೂಡಿಹಾಕಿದ ಕಲ್ಲು, ಮಡಕೆಚೂರುಗಳ ಸಂಗ್ರಹ ೧೯೦೪ರಲ್ಲಿ ಮದರಾಸಿನ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಸೇರಿತು. ಪ್ರತಿಯೊಂದು ವಸ್ತು ಎಲ್ಲಿ ಸಿಕ್ಕಿತೆಂಬುದನ್ನು ಬರೆದಿಡುವ ಪಟ್ಟಿಯನ್ನು ಇಳಿವಯಸ್ಸಿನಲ್ಲಿಯೂ ಅವರು ಬಿಡದೆ ಮಾಡಿದರು. ಊರಿನ ಹೆಸರು ಕಳೆದುಕೊಂಡ ಕೈಗೊಡಲಿ ಬರಿಯ ಕಲ್ಲಷ್ಟೆ. ಅಚ್ಚಾದ ಪುಸ್ತಕವನ್ನು ಅವರು ನೋಡಲಿಲ್ಲ. ೧೯೧೨ನೆಯ ಇಸವಿ ಡಿಸೆಂಬರ್ ೨೯ರಂದು ಕಲ್ಕತ್ತೆಯಲ್ಲಿ ತೀರಿಕೊಂಡರು. ಪಟ್ಟಿಯ ಸಂಪುಟಗಳು ೧೯೧೪ ಮತ್ತು ೧೯೧೬ರಲ್ಲಿ ಹೊರಬಂದವು. ಏರ್ಕಾಡಿನ ಚರ್ಚಿನಲ್ಲಿ ಅವರ ನೆನಪಿನ ಫಲಕವಿದೆ.

ಅವರು ಹುಡುಕಿದ ಜೋಡಣೆ ಅವರ ಕಾಲಾನಂತರ ಎರಡು ಕಡೆ ದೊರೆಯಿತು. ಮೊದಲನೆಯದು ಅವರದೇ ಅತ್ತಿರಂಪಾಕ್ಕಂ. ಈಚಿನ ದಶಕಗಳಲ್ಲಿ ಅಲ್ಲಿ ಇನ್ನೂ ಆಳಕ್ಕೆ ಅಗೆದಾಗ ಆಯುಧಗಳಿದ್ದ ಮಣ್ಣಿನಲ್ಲಿಯೇ ಗೊರಸುಳ್ಳ ಪ್ರಾಣಿಗಳ ಕೆಲವು ಹಲ್ಲುಗಳೂ, ಗೊರಸು ಊರಿದ ಗುರುತುಗಳೂ ಸಿಕ್ಕವು. ಅಲ್ಲಿಯ ಅತಿ ಹಳೆಯ ಆಯುಧಗಳ ವಯಸ್ಸು ಸುಮಾರು ಹದಿನೈದು ಲಕ್ಷ ವರ್ಷವೆಂದು ೨೦೧೧ರಲ್ಲಿ ಪ್ರಕಟವಾಯಿತು. ಎರಡನೆಯದು ಮುದ್ದೇಬಿಹಾಳ ಸೀಮೆಯ ಮಗ್ಗುಲಲ್ಲಿಯೇ, ತಾಳಿಕೋಟೆಯಿಂದ ಪೂರ್ವಕ್ಕೆ ಸುರಪುರ ಸೀಮೆಯ ಹುಣಸಗಿ ಕಣಿವೆಯಲ್ಲಿರುವ ಇಸಾಂಪುರ. ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ ಮತ್ತು ಸಂಗಡಿಗರು ೧೯೯೭ರಿಂದ ಅಲ್ಲಿ ಅಗೆದು ಆದಿಮಾನವರ ಕಲ್ಲುಗಣಿಯೊಂದನ್ನು ಹೊರತೆಗೆದರು. ಆಯುಧಗಳಿಗೆ ಆ ಜನ ಆರಿಸಿಕೊಂಡಿದ್ದ ಕಲ್ಲು ಭೀಮಾ ಶ್ರೇಣಿಯ ಸುಣ್ಣಕಲ್ಲು; ತಾಳಿಕೋಟೆಯ ಬಳಿ ಫೂಟರು ಕಂಡ ಅದೇ ಕಲ್ಲಿನ ಬಳಗ. ಕೆತ್ತಿದ ಆ ಕಲ್ಲುಗಳ ನಡುವೆ ಎತ್ತಿನ ಜಾತಿಯ ಪ್ರಾಣಿಯ ಹಲ್ಲುಗಳು ಬಿದ್ದಿದ್ದವು. ಎನಾಮಲ್ ಎಂಬ ಹೊರಕವಚದಲ್ಲಿ ಯುಗಯುಗಗಳಿಂದ ಸಂಗ್ರಹವಾಗಿದ್ದ ವಿಕಿರಣದ ಪರಿಣಾಮವನ್ನು ಅಳೆದು ನೋಡಲಾಯಿತು. ೨೦೦೨ರಲ್ಲಿ ಪ್ರಕಟವಾದ ಲೆಕ್ಕದಂತೆ ಅವುಗಳ ವಯಸ್ಸು ಸುಮಾರು ಹನ್ನೆರಡೂವರೆ ಲಕ್ಷ ವರ್ಷ.